ಮೊದಲು ಕೈ ಎತ್ತಿದವನು

ಅರಿಜೋನಾದ ಆ ಮನೆಯನ್ನು ಪೀರ್ ಅಹ್ಮದ್ ಮತ್ತು ಜಯರಾಮು ಇಬ್ಬರೂ ಸೇರಿ ಕೊಂಡದ್ದು 2006ರಲ್ಲಿ, ಕಣ್ಣಾರೆ ನೋಡದೆ. ತಮ್ಮ ಮನೆ ಹತ್ತಿರದ ಎಡಿಸನ್ ಊರಿನ ಹೋಟೆಲೊಂದರ ಹಾಲ್‌ನಲ್ಲಿ ಏಜೆಂಟನೊಬ್ಬ ಪರದೆಯ ಮೇಲೆ ಚಿತ್ರ ತೋರಿಸಿದ್ದ. ಹೆಂಚಿನ ಸೂರಿನ ಹೊಸ ಮನೆಗಳು, ನಡುವೆ ಈಚಲು ಮರಗಳು, ಹಿಂದೆ ನೀಲಿ ಗುಡ್ಡ. ಅಂದು ಆ ಹಾಲ್‌ನಲ್ಲಿದ್ದ ಅರ್ಧಕ್ಕರ್ಧ ಜನ ಸಹಿ ಹಾಕಿ ಎದ್ದಿದ್ದರು. ಇವರೂ ಹಾಕಿದರು.

ಪೀರ್ ಅಹ್ಮದ್ ಹುಣಸೂರಿನವರು, ಜಯರಾಮು ಪಿರಿಯಾಪಟ್ಟಣದವನು. ಊರಿನಲ್ಲಿದ್ದಾಗ ಒಬ್ಬರಿಗೊಬ್ಬರು ಗೊತ್ತಿರಲಿಲ್ಲ. ನ್ಯೂ ಬ್ರನ್ಸ್‌ವಿಕ್ ಸ್ಟೇಷನ್ನಿನ ಪಾರ್ಕಿಂಗ್‌ನಲ್ಲಿ ಒಂದು ಚಳಿಗಾಲದ ಬೆಳಿಗ್ಗೆ ಜಯರಾಮುವಿನ ಕಾರಿನ ಬ್ಯಾಟರಿ ಸತ್ತುಹೋಗಿ, ಅವನು ಕನ್ನಡದಲ್ಲಿ ಅದಕ್ಕೆ ಬೈಯುತ್ತಿದ್ದಾಗ ಪರಿಚಯವಾದದ್ದು. ಅಲ್ಲಿಂದ ಹನ್ನೊಂದು ವರ್ಷ ಎರಡು ಮನೆಯವರೂ ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ನಾಲ್ಕು ಬೀದಿಯ ಅಂತರದಲ್ಲಿ ಬಾಳಿದರು. ಪೀರ್ ಅಹ್ಮದ್ ಪ್ರಿನ್ಸ್‌ಟನ್ ಹತ್ತಿರದ ಒಂದು ಔಷಧ ಕಂಪನಿಯಲ್ಲಿ ಕೆಮಿಸ್ಟ್. ಜಯರಾಮು ಜರ್ಸಿ ಸಿಟಿಯ ಒಂದು ಶೇರು ವ್ಯವಹಾರದ ಕಂಪನಿಯಲ್ಲಿದ್ದ. 2008ರ ಅಕ್ಟೋಬರಿನಲ್ಲಿ ಅವನ ಇಡೀ ಮಹಡಿಯನ್ನೇ ಮನೆಗೆ ಕಳಿಸಿದರು.

ಜಯರಾಮು ಮೊದಲಿನಿಂದಲೂ ಮುಂಗೋಪಿ. ಕೆಲಸ ಹೋದ ಮೇಲೆ ಆ ಕೋಪಕ್ಕೆ ಹಗಲು ಪೂರ್ತಿ ಬಿಡುವು ಸಿಕ್ಕಂತಾಯಿತು. ಒಂದು ದಿನ ಮುಂಬಾಗಿಲಿನ ಗಾಜಿಗೆ ಮುಷ್ಟಿಯಿಂದ ಗುದ್ದಿ ಒಡೆದ. ಇನ್ನೊಂದು ದಿನ ಟಿವಿಯ ರಿಮೋಟನ್ನು ಗೋಡೆಗೆ ಎಸೆದ. ಅದು ಮಗ ಅಯಾನನ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಹೆಂಡತಿ ರಾಜಿ ಮಗನನ್ನು ರಜೆಗೆಂದು ಬಾಸ್ಟನ್ನಿನ ಅಕ್ಕನ ಮನೆಗೆ ಕಳಿಸಿದಳು. ಕಾರಣ ಏನೆಂದು ಯಾರಿಗೂ ಹೇಳಲಿಲ್ಲ. ಪೀರ್ ಅಹ್ಮದರ ಹೆಂಡತಿ ಮಸರತ್‌ಗೆ ಮಾತ್ರ ಹೇಳಿದಳು.

2010ರ ಜುಲೈನಲ್ಲಿ ಅರಿಜೋನಾದ ಕಾಲೊನಿಯ ಸಂಘದಿಂದ ಒಂದು ಕಾಗದ ಬಂತು. ನಿಮ್ಮ ಬಾಡಿಗೆದಾರರು ಹಿತ್ತಲ ಗೋಡೆಯ ಮೇಲೆ ಬಟ್ಟೆ ಒಣಗಿಸುತ್ತಿದ್ದಾರೆ, ಇದು ನಿಯಮಕ್ಕೆ ವಿರುದ್ಧ ಎಂದು ಬರೆದಿತ್ತು. ಜೊತೆಗೊಂದು ಫೋಟೋ. ಗೋಡೆಯ ಮೇಲೆ ಎರಡು ಟವೆಲು, ಮುಂದೆ ಒಂದು ಹಳೆಯ ನೀಲಿ ಪಿಕಪ್ ಟ್ರಕ್ಕು, ಅದರ ನೆರಳಿನಲ್ಲಿ ಮಲಗಿದ ಕಂದು ನಾಯಿ.

ಆ ಮನೆಯಲ್ಲಿ ಬಾಡಿಗೆದಾರರೇ ಇರಲಿಲ್ಲ. ಇದ್ದ ಕೊನೆಯ ಕುಟುಂಬ ಬಿಟ್ಟುಹೋಗಿ ಹದಿನಾಲ್ಕು ತಿಂಗಳಾಗಿತ್ತು.

ಪೊಲೀಸರಿಗೆ ಫೋನ್ ಮಾಡೋಣ, ವಕೀಲರಿಂದ ನೋಟಿಸ್ ಕೊಡಿಸೋಣ ಎಂದು ಪೀರ್ ಅಹ್ಮದ್ ಹೇಳಿದರು. ಜಯರಾಮು ಕೇಳಲಿಲ್ಲ. ತಾನೇ ಹೋಗಿ ಆ ಮನುಷ್ಯನನ್ನು ಹೊರಗೆ ಹಾಕಿಬರುತ್ತೇನೆ ಎಂದು ಅಂದೇ ಟಿಕೆಟ್ ನೋಡತೊಡಗಿದ. ಆ ಸಂಜೆ ರಾಜಿ ಬಂದು ಮಸರತ್‌ಳ ಅಡುಗೆಮನೆಯಲ್ಲಿ ಕೂತಳು. ಪೀರ್ ಅಹ್ಮದ್ ನೀರು ಕುಡಿಯಲು ಒಳಗೆ ಬಂದಾಗ ಮಸರತ್ ಅವರನ್ನು ತಡೆದು ನಿಲ್ಲಿಸಿದಳು.

"ಜಯರಾಮು ಅವರ ಕೈ ಮುಂದೆ ಹೋಗುತ್ತೆ, ಬುದ್ಧಿ ಆಮೇಲೆ ಬರುತ್ತೆ. ನೀವೂ ಜೊತೆಗೆ ಹೋಗಿ. ಹೇಗೆ ಹೋದರೋ ಹಾಗೆ ವಾಪಸ್ ಕರ್ಕೊಂಡು ಬನ್ನಿ."

ಪೀರ್ ಅಹ್ಮದ್ ಎರಡು ದಿನ ರಜೆ ಹಾಕಿದರು.

ನೂವಾರ್ಕಿನಿಂದ ಹೊರಟ ವಿಮಾನ ಮಧ್ಯಾಹ್ನದ ಹೊತ್ತಿಗೆ ಫೀನಿಕ್ಸ್ ತಲುಪಿತು. ಹೊರಗೆ ಕಾಲಿಟ್ಟಾಗ ಬಿಸಿಲು ಮುಖಕ್ಕೆ ಹೊಡೆದ ರೀತಿಗೆ ಪೀರ್ ಅಹ್ಮದ್ ಒಂದು ಹೆಜ್ಜೆ ಹಿಂದೆ ಇಟ್ಟರು. ಬಾಡಿಗೆಗೆ ಸಿಕ್ಕ ಸಣ್ಣ ಬಿಳಿ ಕಾರಿನ ಸ್ಟಿಯರಿಂಗ್ ಮುಟ್ಟಲಾಗದಷ್ಟು ಕಾದಿತ್ತು. ಜಯರಾಮು ಕರವಸ್ತ್ರ ಸುತ್ತಿಕೊಂಡು ಡ್ರೈವ್ ಮಾಡಿದ. ದಾರಿಯುದ್ದಕ್ಕೂ ಅವನು ಮಾತಾಡಿದ್ದು ಕೆಲಸದ ಬಗ್ಗೆ, ತನ್ನನ್ನು ಹೊರಗೆ ಹಾಕಿದ ದಿನ ರಟ್ಟಿನ ಡಬ್ಬ ಕೊಟ್ಟು ಲಿಫ್ಟಿನವರೆಗೂ ಜೊತೆಗೆ ಬಂದ ಕಾವಲುಗಾರನ ಬಗ್ಗೆ. ಆ ಕಾವಲುಗಾರ ಪ್ರತಿದಿನ ಇವನಿಗೆ ಗುಡ್ ಮಾರ್ನಿಂಗ್ ಹೇಳುತ್ತಿದ್ದವನಂತೆ. ಈ ಕಥೆಯನ್ನು ಪೀರ್ ಅಹ್ಮದ್ ಎಷ್ಟೋ ಸಲ ಕೇಳಿದ್ದರು. ಮತ್ತೆ ಕೇಳಿದರು.

ಹೆದ್ದಾರಿ ಬಿಟ್ಟು ದಕ್ಷಿಣಕ್ಕೆ ತಿರುಗಿ ಇಪ್ಪತ್ತು ಮೈಲಿ ಹೋದ ಮೇಲೆ ಕಾಲೊನಿ ಬಂತು. ಹೆಬ್ಬಾಗಿಲಿನಂತೆ ಕಟ್ಟಿದ ಎರಡು ಕಲ್ಲಿನ ಗೋಡೆಗಳು, ಅವುಗಳ ಮೇಲೆ ಕಾಲೊನಿಯ ಹೆಸರಿನ ಅರ್ಧ ಅಕ್ಷರಗಳು ಬಿದ್ದುಹೋಗಿದ್ದವು. ಒಳಗೆ ಡಾಂಬರು ರಸ್ತೆಗಳಿದ್ದವು, ಬೀದಿದೀಪದ ಕಂಬಗಳಿದ್ದವು, ಹೆಚ್ಚಿನ ಕಡೆ ಮನೆಗಳಿರಲಿಲ್ಲ. ನಾನೂರು ಮನೆ ಕಟ್ಟುತ್ತೇವೆಂದು ಹೊರಟ ಬಿಲ್ಡರು ಮೂವತ್ತೋ ನಲವತ್ತೋ ಕಟ್ಟಿ ದಿವಾಳಿಯೆದ್ದಿದ್ದ. ಉಳಿದ ನೆಲವನ್ನೆಲ್ಲ ಬುಲ್‌ಡೋಜರು ಹರಿಸಿ, ಒಂದು ಪೊದೆಯನ್ನೂ ಉಳಿಸದೆ ಕೆರೆದು ಬಿಟ್ಟುಹೋಗಿದ್ದರು. ಕಾರಿನ ಚಕ್ರ ರಸ್ತೆಯಂಚಿಗೆ ತಾಗಿದರೆ ಸಾಕು, ಹಿಟ್ಟಿನಂಥ ಮಣ್ಣು ಮೇಲೇಳುತ್ತಿತ್ತು.

ಇವರ ಮನೆ ಕೊನೆಯ ಬೀದಿಯ ಕೊನೆಯ ಮನೆ. ಪಕ್ಕದಲ್ಲಿ ಮರದ ಚೌಕಟ್ಟು ಮಾತ್ರ ನಿಲ್ಲಿಸಿ ಬಿಟ್ಟ ಇನ್ನೊಂದು ಮನೆ, ಅದರ ಮುಂದೆ ಬಿಸಿಲಿಗೆ ಬೂದಿಬಣ್ಣಕ್ಕೆ ತಿರುಗಿದ ಪ್ಲೈವುಡ್ ಹಾಳೆಗಳ ರಾಶಿ. ಆಚೆಗೆ ಮರುಭೂಮಿ.

ನೀಲಿ ಟ್ರಕ್ಕು ಅಲ್ಲೇ ನಿಂತಿತ್ತು.

ಪೀರ್ ಅಹ್ಮದ್ ದಾರಿಯಲ್ಲೇ ಎಲ್ಲ ಹೇಳಿಕೊಟ್ಟಿದ್ದರು. ಮೊದಲು ಬೆಲ್ ಒತ್ತುವುದು, ಕಾಗದಪತ್ರ ತೋರಿಸುವುದು, ಒಂದು ವಾರ ಗಡುವು ಕೊಡುವುದು, ಒಪ್ಪದಿದ್ದರೆ ಪೊಲೀಸರನ್ನು ಕರೆಯುವುದು. ಜಯರಾಮು ಹೂಂ ಹೂಂ ಎಂದಿದ್ದ. ಕಾರು ನಿಂತಿದ್ದೇ ತಡ ಅವನು ಡಿಕ್ಕಿ ತೆಗೆದು ಚಕ್ರ ಬಿಚ್ಚುವ ಸ್ಪ್ಯಾನರನ್ನು ಎತ್ತಿಕೊಂಡ. ಸುಮ್ಮನೆ ಕೈಯಲ್ಲಿರಲಿ ಎಂದ. ಪೀರ್ ಅಹ್ಮದ್ ಕಾಗದದ ಫೈಲು ಹಿಡಿದು ಇಳಿಯುವಷ್ಟರಲ್ಲಿ ಅವನು ಬಾಗಿಲ ಮುಂದೆ ನಿಂತಿದ್ದ. ಬೆಲ್ ಒತ್ತಲಿಲ್ಲ. ಒಂದು ಸಲ ಕೈಯಿಂದ ಬಡಿದು, ಉತ್ತರ ಬರುವ ಮೊದಲೇ ಬೀಗದ ಹತ್ತಿರಕ್ಕೆ ಬೂಟುಗಾಲಿನಿಂದ ಒದ್ದ. ಎರಡನೆಯ ಒದೆತಕ್ಕೆ ಬಾಗಿಲು ತೆರೆದು ಒಳಗೋಡೆಗೆ ಬಡಿಯಿತು.

ನಾಯಿ ಮೊದಲು ಹೊರಬಂತು. ಬೊಗಳುತ್ತಾ ಬಂದು ಜಯರಾಮುವಿನ ಪ್ಯಾಂಟಿನ ಅಂಚು ಹಿಡಿದೆಳೆಯಿತು. ಜಯರಾಮು ಸ್ಪ್ಯಾನರ್ ಎತ್ತಿ ಅದರ ತಲೆಗೆ ಹೊಡೆದ. ತೆಂಗಿನಕಾಯಿ ಒಡೆದಂಥ ಸದ್ದು. ನಾಯಿ ಕುಸಿಯಿತು. ಅವನು ಮತ್ತೊಂದು ಹೊಡೆದ. ಪೀರ್ ಅಹ್ಮದ್ ಅವನ ಹೆಸರು ಕೂಗಿದರು. ಮೂರನೆಯದು ಬೀಳುವ ಹೊತ್ತಿಗೆ ಒಳಗಿನಿಂದ ಒಬ್ಬ ಮನುಷ್ಯ ಓಡಿಬಂದ.

ಐವತ್ತರ ಆಸುಪಾಸಿನವನು, ತೆಳ್ಳಗೆ, ಬರಿಮೈ, ಬಿಸಿಲಿಗೆ ಸುಟ್ಟು ಚರ್ಮ ಹದಮಾಡಿದ ತೊಗಲಿನಂತಾಗಿತ್ತು. ನಾಯಿಯನ್ನು ನೋಡಿದ. ತಲೆ ತಗ್ಗಿಸಿ ಗೂಳಿಯಂತೆ ಜಯರಾಮುವಿನ ಹೊಟ್ಟೆಗೆ ನುಗ್ಗಿ ಅವನನ್ನು ಅಂಗಳಕ್ಕೆ ಕೆಡವಿದ. ಇಬ್ಬರೂ ಜಲ್ಲಿಯ ಮೇಲೆ ಉರುಳಾಡಿದರು. ಅವನು ಜಯರಾಮುವಿನ ಮುಖಕ್ಕೆ ಗುದ್ದಿದ, ಮೂಗಿನಿಂದ ರಕ್ತ ಚಿಮ್ಮಿತು. ಜಯರಾಮು ಹೇಗೋ ಬಿಡಿಸಿಕೊಂಡು ಎದ್ದು ಸ್ಪ್ಯಾನರನ್ನು ಅವನ ಹೆಗಲಿಗೆ ಬೀಸಿದ. ಅವನು ಮಂಡಿಯೂರಿದ. ಜಯರಾಮು ಇನ್ನೊಮ್ಮೆ ಬೀಸಿದ. ಕೆಳಗೆ ಬಿದ್ದ ಮೇಲೂ ಪಕ್ಕೆಗೆ ಒದ್ದ. ಈ ಸಲ ತಲೆಗೆ ಗುರಿಯಿಟ್ಟು ಕೈ ಎತ್ತಿದಾಗ ಪೀರ್ ಅಹ್ಮದ್ ನಡುವೆ ಕೈಯೊಡ್ಡಿದರು. ಕಬ್ಬಿಣ ಅವರ ಎಡ ಮಣಿಕಟ್ಟಿನ ಮೇಲೆ ಬಿತ್ತು. ಮೂಳೆ ಮುರಿದದ್ದು ಅವರಿಗೆ ಕೇಳಿಸಿತು.

"ಅವನು ಸತ್ತೋಗ್ತಾನೆ ಕಣೋ. ಸಾಕು ಬಿಡು" ಎಂದರು. ಗಟ್ಟಿಯಾಗಿ ಹೇಳಲೂ ಅವರಿಗೆ ಉಸಿರಿರಲಿಲ್ಲ.

ಜಯರಾಮು ನಿಂತ. ಏದುಸಿರು ಬಿಡುತ್ತಿದ್ದ. ಆಗ ಕೆಳಗೆ ಬಿದ್ದವನು ಇವರಿಬ್ಬರನ್ನೂ ಬಿಟ್ಟು ಇವರ ಬೆನ್ನ ಹಿಂದಕ್ಕೆ ನೋಡತೊಡಗಿದ.

ಪೀರ್ ಅಹ್ಮದ್ ತಿರುಗಿ ನೋಡಿದರು. ಮೊದಲು ಬೆಟ್ಟವೆಂದೇ ಭಾವಿಸಿದರು. ಆಗ್ನೇಯ ದಿಕ್ಕಿನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಂದುಬಣ್ಣದ ಧೂಳಿನ ಗೋಡೆ ಎದ್ದು ನಿಂತಿತ್ತು. ಅದರ ನೆತ್ತಿ ಹೂಕೋಸಿನಂತೆ ಉಬ್ಬಿ ಉಬ್ಬಿ ಮಗುಚುತ್ತಿತ್ತು, ಬುಡ ನೆಲವನ್ನು ಗುಡಿಸಿಕೊಂಡು ಬರುತ್ತಿತ್ತು. ಅದರ ಮೇಲೆ, ಬಹಳ ಎತ್ತರದಲ್ಲಿ, ಗುಡುಗುಮೋಡದ ಕಪ್ಪು ತಲೆ ಕಾಣುತ್ತಿತ್ತು, ಒಳಗೆ ಮಿಂಚು ಸದ್ದಿಲ್ಲದೆ ಹರಿದಾಡುತ್ತಿತ್ತು. ಇಲ್ಲಿ ಮಾತ್ರ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಗೋಡೆ ದೂರದ ವಿದ್ಯುತ್ ಕಂಬಗಳನ್ನು ಒಂದೊಂದಾಗಿ ನುಂಗುತ್ತಿದ್ದುದನ್ನು ನೋಡಿದ ಮೇಲೆ ಅದು ಎಷ್ಟು ವೇಗವಾಗಿ ಬರುತ್ತಿದೆ ಎಂದು ತಿಳಿಯಿತು.

ಒಳಗೆ ಬನ್ನಿ, ಎಂದ ಆ ಮನುಷ್ಯ. ಹೊಡೆಸಿಕೊಂಡ ಹೆಗಲನ್ನು ಹಿಡಿದುಕೊಂಡು ಏಳಲು ನೋಡಿದ. ಪೀರ್ ಅಹ್ಮದ್ ತಮ್ಮ ಸರಿಯಿದ್ದ ಕೈ ಕೊಟ್ಟು ಅವನನ್ನು ಎಬ್ಬಿಸಿದರು. ಡ್ರೈವ್ ಮಾಡಬೇಡಿ, ಅದರೊಳಗೆ ನಿಮ್ಮ ಕೈ ನಿಮಗೇ ಕಾಣುವುದಿಲ್ಲ ಎಂದು ಅವನು ಜಯರಾಮುವಿಗೆ ಹೇಳಿದ.

ಜಯರಾಮು ಆಗಲೇ ಕಾರಿನ ಬಾಗಿಲು ತೆಗೆದಿದ್ದ. ಪೀರ್ ಅಹ್ಮದರನ್ನು ಹತ್ತು ಎಂದು ಕರೆದ. ಇವರು ಬರುವುದಿಲ್ಲ ಎಂದರು, ನೀನೂ ಒಳಗೆ ಬಾ ಎಂದರು. ತನ್ನ ಸ್ನೇಹಿತ ಆ ಮನುಷ್ಯನ ತೋಳಿಗೆ ಆಸರೆಯಾಗಿ ನಿಂತದ್ದನ್ನು ಜಯರಾಮು ಒಂದು ಕ್ಷಣ ನೋಡಿದ.

"ಹಾಗಾದ್ರೆ ಅವನ ಜೊತೇಲೇ ಇರು" ಎಂದು ಬಾಗಿಲು ಹಾಕಿಕೊಂಡ.

ಕಾರು ಜಲ್ಲಿ ಹಾರಿಸಿಕೊಂಡು ಹೋಯಿತು. ಅದು ಬೀದಿಯ ಅರ್ಧಕ್ಕೆ ಹೋಗಿರಬೇಕು, ತಣ್ಣನೆಯ ಗಾಳಿ ಒಂದು ಸಲ ಬೀಸಿ ಇವರ ಬೆವರು ಆರಿಸಿತು. ಅದರ ಬೆನ್ನಿಗೇ ಗೋಡೆ ಬಂದು ಬಿತ್ತು.

ಇಬ್ಬರೂ ಒಳಗೆ ನುಗ್ಗಿದರು. ಬೀಗ ಮುರಿದ ಬಾಗಿಲು ಮುಚ್ಚಿಕೊಳ್ಳಲಿಲ್ಲ. ಆ ಮನುಷ್ಯ ಬೆನ್ನು ಕೊಟ್ಟು ನಿಂತ. ಕಿಟಕಿಗಳು ಮೊದಲು ಕಿತ್ತಳೆ ಬಣ್ಣಕ್ಕೆ ತಿರುಗಿದವು, ಆಮೇಲೆ ಕೆಂಪಾದವು, ಆಮೇಲೆ ಸಂಜೆ ಐದು ಗಂಟೆಗೆ ಏನೇನೂ ಕಾಣದಂಥ ಕತ್ತಲೆಯಾಯಿತು. ಮರಳು ಗಾಜಿಗೆ ಉಜ್ಜುವ ಸದ್ದು ಬಾಣಲೆಯಲ್ಲಿ ಸಾಸಿವೆ ಸಿಡಿದಂತಿತ್ತು. ಮೇಲೆ ಹೆಂಚುಗಳು ಒಂದೊಂದಾಗಿ ಎದ್ದುಹೋಗುತ್ತಿದ್ದವು. ಮನೆಯೊಳಗೂ ಧೂಳು ತುಂಬಿ ಹಲ್ಲು ಕಡಿದರೆ ಕರಕರ ಎನ್ನುತ್ತಿತ್ತು.

ಆಗ ದೂರದಲ್ಲಿ ಏನೋ ಬಡಿದ ಸದ್ದಾಯಿತು. ಅದರ ಹಿಂದೆಯೇ ಕಾರಿನ ಹಾರ್ನ್. ಅದು ನಿಲ್ಲಲಿಲ್ಲ. ಒತ್ತಿ ಹಿಡಿದಂತೆ ಒಂದೇ ಸಮನೆ ಕೂಗುತ್ತಲೇ ಇತ್ತು.

ರಸ್ತೆಯ ತಿರುವಿನಲ್ಲಿ ಮಳೆನೀರು ನಿಲ್ಲಲೆಂದು ತೋಡಿದ ದೊಡ್ಡ ಗುಂಡಿಯಿದೆ, ಅದರೊಳಗೆ ಹೋಗಿರಬೇಕು ಎಂದು ಆ ಮನುಷ್ಯ ಹೇಳಿದ. ಪೀರ್ ಅಹ್ಮದ್ ಅವನ ಸಹಾಯ ಕೇಳಿದರು. ಅವನು ಬರುವುದಿಲ್ಲವೆಂದು ತಲೆಯಾಡಿಸಿದ. ಅದು ಹನ್ನೆರಡು ವರ್ಷದ ನಾಯಿ, ಅದಕ್ಕೆ ಹಲ್ಲೇ ಇರಲಿಲ್ಲ, ನಿನ್ನ ಸ್ನೇಹಿತನನ್ನು ನೀನೇ ತಂದುಕೋ ಎಂದ. ಅವನ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. ಪೀರ್ ಅಹ್ಮದ್ ಅಂಗಿ ಬಿಚ್ಚಿ ಮೂಗು ಬಾಯಿಗೆ ಕಟ್ಟಿಕೊಂಡರು. ಒಂದು ಕೈಯಲ್ಲಿ ಗಂಟು ಬೀಳದೆ ಒದ್ದಾಡುತ್ತಿದ್ದಾಗ ಆ ಮನುಷ್ಯನೇ ಗಂಟು ಹಾಕಿದ. ಬಲಗಾಲನ್ನು ರಸ್ತೆಯಂಚಿನ ಕಲ್ಲಿಗೆ ತಾಗಿಸಿಕೊಂಡೇ ನಡೆ, ಅದನ್ನು ಬಿಟ್ಟರೆ ನೀನೂ ಕಳೆದುಹೋಗುತ್ತೀಯ ಎಂದ.

ಹೊರಗೆ ಮೊದಲ ಹೆಜ್ಜೆಗೇ ಗಾಳಿ ಅವರನ್ನು ನೆಲಕ್ಕೆ ಕೆಡವಿತು. ತೆವಳಿಕೊಂಡು ಹೋಗಿ ರಸ್ತೆಯ ಅಂಚಿನ ಕಲ್ಲನ್ನು ಕೈಯಿಂದ ತಡವಿ ಹುಡುಕಿದರು. ಎದ್ದು, ಪಾದವನ್ನು ಅದಕ್ಕೆ ಉಜ್ಜುತ್ತಾ, ಕಣ್ಣು ಮುಚ್ಚಿಕೊಂಡೇ ನಡೆದರು. ತೆರೆದರೂ ಏನೂ ಕಾಣುತ್ತಿರಲಿಲ್ಲ. ಮರಳು ಬರಿಮೈಯನ್ನು ತುರಿಮಣೆಯಂತೆ ತುರಿಯುತ್ತಿತ್ತು. ಪಕ್ಕದ ಅರ್ಧ ಕಟ್ಟಿದ ಮನೆ ಮುರಿದುಬೀಳುವುದು ಕೇಳಿಸಿತು, ಮರದ ತೊಲೆಗಳು ಒಂದರ ಮೇಲೊಂದು ಒರಗಿ ಸೀಳಿದವು. ಆ ರಾಶಿಯಿಂದ ಎದ್ದ ಪ್ಲೈವುಡ್ ಹಾಳೆಯೊಂದು ರೆಕ್ಕೆಯಂತೆ ಬಡಿಯುತ್ತಾ ಬಂದು ಮುಂದಿನ ದೀಪದ ಕಂಬಕ್ಕೆ ಅಪ್ಪಳಿಸಿ ಎರಡಾಯಿತು. ಅದರ ಒಂದು ತುಂಡು ಅವರ ತೊಡೆಗೆ ಹೊಡೆದು ಮತ್ತೆ ಕೆಡವಿತು. ಅವರಿಗೆ ನೆನಪಿದ್ದ ಎಲ್ಲ ದುವಾಗಳೂ ಬೆರೆತುಹೋಗಿ ಒಂದೇ ಸಾಲು ಉಳಿದಿತ್ತು. ಅದನ್ನೇ ಹೇಳಿಕೊಂಡು ಹಾರ್ನ್ ಸದ್ದಿನ ಕಡೆಗೆ ಹೋದರು.

ಕಾರು ಗುಂಡಿಯ ತಳದಲ್ಲಿ, ಡ್ರೈವರ್ ಕಡೆ ಕೆಳಗಾಗಿ ಮಲಗಿತ್ತು. ಇಳಿಜಾರಿನಲ್ಲಿ ಜಾರಿ ಹೋಗಿ ಅದರ ಮೇಲೆ ಬಿದ್ದರು. ಮುಂದಿನ ಗಾಜು ಒಡೆದಿತ್ತು. ಅದರೊಳಗೆ ತಲೆ ತೂರಿಸಿ ಕೈಯಾಡಿಸಿದಾಗ ಜಯರಾಮುವಿನ ಕೂದಲು ಸಿಕ್ಕಿತು. ಬದುಕಿದ್ದ. ಕಾರು ಮಗುಚುವಾಗ ಕಿಟಕಿಯ ಗಾಜು ಒಡೆದು ಅವನ ಎಡಗೈ ಹೊರಗೆ ಹೋಗಿತ್ತು; ಈಗ ಅದು ಕಾರಿಗೂ ಗುಂಡಿಯ ಸಿಮೆಂಟು ಕಾಲುವೆಗೂ ನಡುವೆ ಸಿಕ್ಕಿಕೊಂಡಿತ್ತು. ಅವನ ಎದೆ ಹಾರ್ನಿನ ಮೇಲೆ ಒರಗಿತ್ತು. ಪೀರ್ ಅಹ್ಮದ್ ಅವನನ್ನು ಸ್ವಲ್ಪ ಹಿಂದಕ್ಕೆ ತಳ್ಳಿದಾಗ ಹಾರ್ನ್ ನಿಂತಿತು, ಅವನು ಕಿರುಚಿಕೊಳ್ಳುವುದು ಶುರುವಾಯಿತು.

ಧೂಳಿನ ಜೊತೆಗೆ ಈಗ ದಪ್ಪ ಹನಿಗಳು ಬೀಳತೊಡಗಿದವು. ಮೊದಲು ಬಿದ್ದದ್ದು ನೀರಲ್ಲ, ಕೆಸರು. ಐದು ನಿಮಿಷದಲ್ಲಿ ಧೂಳೆಲ್ಲ ನೆಲಕ್ಕಿಳಿದು ನಿಜವಾದ ಮಳೆ ಸುರಿಯಿತು. ಪೊದೆಯಿಲ್ಲದ, ಬೇರಿಲ್ಲದ ಆ ನೆಲ ಒಂದು ಹನಿಯನ್ನೂ ಹೀರಿಕೊಳ್ಳಲಿಲ್ಲ. ನಾನೂರು ಮನೆಗಳಿಗೆಂದು ಹಾಕಿದ ಬೀದಿಗಳ ನೀರೆಲ್ಲ ಆ ಗುಂಡಿಗೆ ಹರಿದು ಬಂತು. ಪೀರ್ ಅಹ್ಮದ್ ಒಡೆದ ಗಾಜಿನಲ್ಲಿ ತೂರಿ ಒಳಗೆ ಹೋಗಿ, ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಜಯರಾಮುವಿನ ಗದ್ದ ಎತ್ತಿಹಿಡಿದು ಕೂತರು. ಕೆಂಪು ನೀರು ಅವನ ಹೆಗಲಿಗೆ ಬಂತು, ಕಿವಿಗೆ ಬಂತು.

"ಕೈ ಕತ್ತರಿಸಿಬಿಡು ಪೀರಣ್ಣ. ಏನಾದ್ರೂ ತಗೊಂಡು ಕತ್ತರಿಸಿಬಿಡು" ಎಂದ ಜಯರಾಮು.

ಪೀರ್ ಅಹ್ಮದ್ ಅವನ ಬಾಯಿ ಮುಚ್ಚಿ ಮೂಗನ್ನು ನೀರಿನ ಮೇಲೆ ಹಿಡಿದರು. ಹನಿಗಳ ನಡುವೆ ಎಂಜಿನ್ನಿನ ಸದ್ದು ಕೇಳಿಸಿದಾಗ ಅವರಿಗೆ ಮೊದಲು ನಂಬಿಕೆಯಾಗಲಿಲ್ಲ.

ನೀಲಿ ಟ್ರಕ್ಕು ಗುಂಡಿಯ ಅಂಚಿಗೆ ಬಂದು ನಿಂತಿತ್ತು. ಆ ಮನುಷ್ಯ ಕಬ್ಬಿಣದ ಸರಪಳಿಯನ್ನು ಸರಿಯಿದ್ದ ಹೆಗಲ ಮೇಲೆ ಹಾಕಿಕೊಂಡು ಇಳಿದ. ಇವರತ್ತ ನೋಡಲಿಲ್ಲ. ನೀರಿನಲ್ಲಿ ಮುಳುಗಿ ಕಾರಿನ ಅಡಿಯಲ್ಲೆಲ್ಲೋ ಕೊಕ್ಕೆ ಸಿಕ್ಕಿಸಿದ, ಮೇಲೆ ಹತ್ತಿ ಹೋದ. ಸರಪಳಿ ಬಿಗಿದುಕೊಂಡಿತು. ಟ್ರಕ್ಕಿನ ಚಕ್ರಗಳು ಕೆಸರಿನಲ್ಲಿ ಸುತ್ತಿದವು, ಹಿಂದೆ ಸರಿದವು, ಮತ್ತೆ ಎಳೆದವು. ಮೂರನೆಯ ಸಲ ಕಾರು ನರಳುತ್ತಾ ಒಂದು ಮೊಳ ಮೇಲೆದ್ದಿತು. ಪೀರ್ ಅಹ್ಮದ್ ಸ್ನೇಹಿತನ ಕಂಕುಳಿಗೆ ಕೈಕೊಟ್ಟು, ಇದ್ದ ಬಲವನ್ನೆಲ್ಲ ಹಾಕಿ ಎಳೆದರು. ಆ ಕೈ ಹೊರಬಂದಾಗ ಮೊಣಕೈಯಿಂದ ಕೆಳಗೆ ಎಲ್ಲೆಲ್ಲಿ ಬಾಗಬಾರದೋ ಅಲ್ಲೆಲ್ಲ ಬಾಗಿತ್ತು.

ಆ ಮನುಷ್ಯ ಇಬ್ಬರನ್ನೂ ಟ್ರಕ್ಕಿನಲ್ಲಿ ಮನೆಯ ಮುಂದೆ ತಂದಿಳಿಸಿದ ಮೇಲೆ ಆಂಬುಲೆನ್ಸ್ ಬರಲು ಮುಕ್ಕಾಲು ಗಂಟೆ ಬೇಕಾಯಿತು. ಅದರ ಜೊತೆಗೆ ಕೌಂಟಿಯ ಪೊಲೀಸಿನ ಹೆಂಗಸೊಬ್ಬಳು ಬಂದಿದ್ದಳು. ಮಳೆ ನಿಂತು ಆಕಾಶ ತೊಳೆದಿಟ್ಟಂತಿತ್ತು. ಸ್ಟ್ರೆಚರ್ ಮೇಲೆ ಮಲಗಿದ್ದ ಜಯರಾಮು ನೋವಿನ ನಡುವೆಯೂ ಆಕೆಗೆ ಎಲ್ಲ ಹೇಳಿದ. ನಮ್ಮ ಮನೆಗೆ ನಾವು ಬಂದಾಗ ಆ ಮನುಷ್ಯ ನಾಯಿಯನ್ನು ಛೂ ಬಿಟ್ಟ, ಅದು ಕಚ್ಚಿತು, ಕಬ್ಬಿಣ ಹಿಡಿದು ಇಬ್ಬರನ್ನೂ ಹೊಡೆದ, ನನ್ನ ಸ್ನೇಹಿತನ ಕೈ ಮುರಿದ. ಜೀವ ಉಳಿಸಿಕೊಳ್ಳಲು ನಾನು ಕಾರು ಓಡಿಸಿದೆ.

ಆಕೆ ಆ ಮನುಷ್ಯನ ಹೆಸರು ಕೇಳಿದಳು. ಡೇಲ್ ಎಂದ. ಈ ಕಾಲೊನಿಯ ಸೂರುಗಳಿಗೆ ಹೆಂಚು ಹೊದಿಸಿದವರಲ್ಲಿ ತಾನೂ ಒಬ್ಬ, ಕೆಲಸ ನಿಂತ ಮೇಲೆ ಬಾಡಿಗೆ ಕಟ್ಟಲಾಗದೆ ಇಲ್ಲಿ ಬಂದು ಸೇರಿಕೊಂಡೆ ಎಂದ. ಬೇರೆಯವರ ಮನೆಯಲ್ಲಿ ಇದ್ದದ್ದು ನಿಜ ಎಂದು ಒಪ್ಪಿಕೊಂಡ. ಉಳಿದ ಯಾವುದಕ್ಕೂ ಉತ್ತರ ಕೊಡಲಿಲ್ಲ. ಆಕೆ ಅವನ ಕೈಗೆ ಬೇಡಿ ಹಾಕಿ ರಸ್ತೆಯಂಚಿನಲ್ಲಿ ಕೂರಿಸಿದಳು. ಹೊಡೆಸಿಕೊಂಡ ಹೆಗಲು ಹಿಂದಕ್ಕೆ ತಿರುಗಿದಾಗ ಅವನ ಮುಖ ಬಿಳುಚಿಕೊಂಡಿತು.

ಆಮೇಲೆ ಆಕೆ ಪೀರ್ ಅಹ್ಮದರ ಹತ್ತಿರ ಬಂದಳು. ಆಂಬುಲೆನ್ಸಿನವನು ಅವರ ಮಣಿಕಟ್ಟಿಗೆ ಪಟ್ಟಿ ಕಟ್ಟುತ್ತಿದ್ದ. ಬಾಗಿಲು ಒದ್ದದ್ದು ಯಾರು, ಮೊದಲು ಹೊಡೆದದ್ದು ಯಾರು ಎಂದು ಕೇಳಿದಳು. ಪೀರ್ ಅಹ್ಮದರಿಗೆ ತಮ್ಮ ಅಡುಗೆಮನೆಯಲ್ಲಿ ಕೂತಿದ್ದ ರಾಜಿಯ ಮುಖ ಕಣ್ಣಮುಂದೆ ಬಂತು. ಜಯರಾಮುವಿಗೆ ಮೊದಲೇ ಕೆಲಸವಿಲ್ಲ, ಇನ್ನು ಪೊಲೀಸ್ ಕೇಸೂ ಸೇರಿದರೆ ಯಾರೂ ಕೆಲಸ ಕೊಡುವುದಿಲ್ಲ. ಹನ್ನೊಂದು ವರ್ಷ. ಸುಮ್ಮನಿದ್ದುಬಿಟ್ಟರೂ ಸಾಕಿತ್ತು, ತಲೆ ಸುತ್ತುತ್ತಿದೆ ಎಂದರೂ ನಡೆಯುತ್ತಿತ್ತು. ಅಷ್ಟು ದೂರದಲ್ಲಿ ಡೇಲ್ ಇವರತ್ತ ನೋಡದೆ, ಅಂಗಳದಲ್ಲಿ ನೆನೆದು ಬಿದ್ದಿದ್ದ ನಾಯಿಯನ್ನು ನೋಡುತ್ತಾ ಕೂತಿದ್ದ.

"ನನ್ನ ಸ್ನೇಹಿತ. ಬಾಗಿಲು ಒದ್ದದ್ದೂ ಅವನೇ. ನನ್ನ ಕೈ ಮುರಿದದ್ದೂ ಅವನೇ" ಎಂದರು ಇಂಗ್ಲಿಷಿನಲ್ಲಿ.

ಆಕೆ ಇನ್ನೊಮ್ಮೆ ಹೇಳಿಸಿ ಬರೆದುಕೊಂಡಳು. ಸಹಿ ಹಾಕಿಸಿಕೊಂಡಳು. ಡೇಲ್‌ನ ಬೇಡಿ ಬಿಚ್ಚಿ, ಜಯರಾಮುವಿನ ಮೇಲೆ ದೂರು ಕೊಡುತ್ತೀಯಾ ಎಂದು ಕೇಳಿದಳು. ಅವನು ಬೇಡವೆಂದ. ಪೀರ್ ಅಹ್ಮದರಿಗೆ ಥ್ಯಾಂಕ್ಸ್ ಹೇಳಲಿಲ್ಲ. ನೆಟ್ಟಗೆ ಹೋಗಿ ಸಲಿಕೆ ತಂದು ಒಂದೇ ಕೈಯಲ್ಲಿ ಹಿತ್ತಲಲ್ಲಿ ಅಗೆಯತೊಡಗಿದ. ಅಷ್ಟು ಮಳೆ ಬಂದಿದ್ದರೂ ನೆಲ ಒಂದು ಬೆರಳಿನಷ್ಟು ಮಾತ್ರ ನೆನೆದಿತ್ತು, ಅದರ ಕೆಳಗೆ ಕಲ್ಲಿನಂತಿತ್ತು. ಸಾಲದ ಕಂತು ಕಟ್ಟಲಾಗದ ಈ ಮನೆ ಬ್ಯಾಂಕಿನ ಪಾಲಾಗುವವರೆಗೂ ಇಲ್ಲೇ ಇರು ಎಂದು ಪೀರ್ ಅಹ್ಮದ್ ಹೊರಡುವ ಮೊದಲು ಅವನಿಗೆ ಹೇಳಿದರು. ಅವನು ಅಗೆಯುತ್ತಲೇ ಇದ್ದ.

ಫೀನಿಕ್ಸಿನ ಆಸ್ಪತ್ರೆಯಲ್ಲಿ ಜಯರಾಮುವಿನ ಕೈಗೆ ಎರಡು ಸಲ ಆಪರೇಷನ್ ಆಯಿತು. ಕೈ ಉಳಿಯಿತು, ಕೊನೆಯ ಎರಡು ಬೆರಳುಗಳಲ್ಲಿ ಸ್ಪರ್ಶ ಉಳಿಯಲಿಲ್ಲ. ರಾಜಿ ವಿಮಾನದಲ್ಲಿ ಬಂದಳು. ಮೂರನೆಯ ದಿನ ಪೀರ್ ಅಹ್ಮದ್ ನೋಡಲು ಹೋದಾಗ ಪೊಲೀಸರು ಆಗಲೇ ಬಂದು ಇವರ ಹೇಳಿಕೆಯನ್ನು ಜಯರಾಮುವಿಗೆ ಓದಿ ಹೇಳಿ ಹೋಗಿದ್ದರು. ಜಯರಾಮು ಅವರನ್ನು ಹತ್ತಿರ ಬಾ ಎಂದು ಕರೆದ. ಏನೋ ಹೇಳುತ್ತಾನೆಂದು ಬಗ್ಗಿದರು. ಜಯರಾಮು ಸರಿಯಿದ್ದ ಕೈಯಿಂದ ಅವರ ಕೆನ್ನೆಗೆ ಹೊಡೆದ. ಗ್ಲೂಕೋಸಿನ ಸ್ಟ್ಯಾಂಡು ಉರುಳಿಬಿತ್ತು, ನರ್ಸ್ ಓಡಿಬಂದಳು.

"ನೀರಲ್ಲೇ ಬಿಟ್ಟುಬಿಡಬೇಕಿತ್ತು ನನ್ನ. ಅದಾದ್ರೂ ಮರ್ಯಾದೆ ಇರ್ತಿತ್ತು" ಎಂದ.

ಪೀರ್ ಅಹ್ಮದ್ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಬಿದ್ದ ಸ್ಟ್ಯಾಂಡನ್ನು ಎತ್ತಿ ನಿಲ್ಲಿಸಿ ಹೊರಗೆ ಬಂದರು. ಕಾರಿಡಾರಿನಲ್ಲಿ ರಾಜಿ ನಿಂತಿದ್ದಳು. ಅವಳು ಅಳಲಿಲ್ಲ, ಕ್ಷಮೆ ಕೇಳಲಿಲ್ಲ. ಗಂಡ ಹೇಳಿದ್ದಕ್ಕಿಂತ ನೀವು ಹೇಳಿದ್ದೇ ನಿಜವೆಂದು ನನಗೆ ಕೇಳದೆಯೇ ಗೊತ್ತು ಎಂದಷ್ಟೇ ಹೇಳಿದಳು.

ಡೇಲ್ ದೂರು ಕೊಡದ್ದರಿಂದ ಜಯರಾಮುವಿನ ಮೇಲೆ ಕೇಸಾಗಲಿಲ್ಲ. ಮನೆಯನ್ನು ನವೆಂಬರಿನಲ್ಲಿ ಬ್ಯಾಂಕು ತೆಗೆದುಕೊಂಡಿತು. ಡೇಲ್ ಆ ಹೊತ್ತಿಗೆ ಹೋಗಿಬಿಟ್ಟಿದ್ದನಂತೆ, ಎಲ್ಲಿಗೆಂದು ತಿಳಿಯಲಿಲ್ಲ. ರಾಜಿ ಗಂಡನಿಗೆ ಒಂದು ಮಾತು ಹೇಳಿದ್ದಳು: ಕೋಪಕ್ಕೆ ಡಾಕ್ಟರರ ಹತ್ತಿರ ಹೋಗದಿದ್ದರೆ ನಾನೂ ಅಯಾನನೂ ಬಾಸ್ಟನ್ನಿನಲ್ಲೇ ಇರುತ್ತೇವೆ. ಅವನು ಹೋದ. ವಾರಕ್ಕೊಮ್ಮೆ ಆರು ತಿಂಗಳು ಹೋದ. 2011ರ ಏಪ್ರಿಲ್‌ನಲ್ಲಿ ಅವನಿಗೆ ನೂವಾರ್ಕಿನಲ್ಲಿ ಮೊದಲಿನದಕ್ಕಿಂತ ಚಿಕ್ಕದೊಂದು ಕೆಲಸ ಸಿಕ್ಕಿತು. ಈಸ್ಟ್ ಬ್ರನ್ಸ್‌ವಿಕ್ ಮನೆ ಮಾರಿ ಹ್ಯಾರಿಸನ್ನಿನಲ್ಲಿ ಅಪಾರ್ಟ್‌ಮೆಂಟ್ ಹಿಡಿದರು. ಸಾಮಾನು ಸಾಗಿಸುವ ದಿನ ರಾಜಿ ಮಸರತ್‌ಗೆ ಫೋನ್ ಮಾಡಿ, ಇವರ ಎಡಗೈಯಲ್ಲಿ ಭಾರ ಎತ್ತಲಾಗುವುದಿಲ್ಲ, ಅಣ್ಣ ಬರಬಹುದೇ ಎಂದು ಕೇಳಿದಳು. ಜಯರಾಮುವಿಗೆ ಹೇಳಿ ಕೇಳುತ್ತಿದ್ದಾಳೋ ಇಲ್ಲವೋ ಎಂದು ಮಸರತ್ ವಿಚಾರಿಸಲಿಲ್ಲ.

ಪೀರ್ ಅಹ್ಮದ್ ಹೋದರು. ಜಯರಾಮು ಬಾಗಿಲಲ್ಲಿ ಅವರನ್ನು ನೋಡಿ ದಾರಿ ಬಿಟ್ಟು ನಿಂತ. ಬೆಳಿಗ್ಗೆಯೆಲ್ಲ ಇಬ್ಬರೂ ಮಾತಿಲ್ಲದೆ ಡಬ್ಬಗಳನ್ನು ಹೊತ್ತರು. ಊಟದ ಮೇಜು ಮಾತ್ರ ಲಿಫ್ಟಿನಲ್ಲಿ ಹಿಡಿಸಲಿಲ್ಲ. ಮೆಟ್ಟಿಲ ಮೇಲೆ ಒಯ್ಯಬೇಕಾಯಿತು, ಮುಂದೆ ಪೀರ್ ಅಹ್ಮದ್, ಕೆಳಗಿನಿಂದ ಜಯರಾಮು. ಎರಡನೆಯ ಮಹಡಿಯ ತಿರುವಿನಲ್ಲಿ ಜಯರಾಮುವಿನ ಹಿಡಿತ ಜಾರಿತು. ಮೇಜನ್ನು ಕೆಳಗಿಟ್ಟು ಇಬ್ಬರೂ ಗೋಡೆಗೆ ಒರಗಿ ಉಸಿರು ತೆಗೆದುಕೊಂಡರು.

"ಆ ನಾಯಿ ನನ್ನ ಕಚ್ಚಲಿಲ್ಲ ಪೀರಣ್ಣ. ಬಟ್ಟೆ ಹಿಡ್ಕೊಂಡಿತ್ತು, ಅಷ್ಟೇ" ಎಂದ ಜಯರಾಮು, ಮೇಜಿನತ್ತ ನೋಡುತ್ತಾ.

"ನಾನಲ್ಲೇ ಇದ್ನಲ್ಲೋ" ಎಂದರು ಪೀರ್ ಅಹ್ಮದ್.

ಹೊಡೆದದ್ದಕ್ಕೆ ಕ್ಷಮಿಸು ಎಂದು ಜಯರಾಮು ಆಗಲೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ. ಇವರೂ ಅದಕ್ಕೆ ಕಾಯಲಿಲ್ಲ. ಹಬ್ಬಕ್ಕೆ ಒಮ್ಮೆ ಅವರು ಇವರಲ್ಲಿಗೆ, ಇವರು ಅವರಲ್ಲಿಗೆ ಹೋಗಿಬರುತ್ತಾರೆ. ಹೆಂಗಸರು ಮಾತಾಡುತ್ತಾರೆ, ಗಂಡಸರು ಅಯಾನನ ಓದಿನ ವಿಷಯ ಕೇಳಿಕೊಂಡು ಟಿವಿ ನೋಡುತ್ತಾರೆ. ಆ ದಿನ ಮೆಟ್ಟಿಲಲ್ಲಿ ಪೀರ್ ಅಹ್ಮದ್ ಭಾರದ ಕಡೆಗೆ, ಕೆಳಗಿನ ಮೆಟ್ಟಿಲಿಗೆ ತಾವೇ ಬಂದು ನಿಂತರು. ಜಯರಾಮು ಮೇಲೆ ಹೋದ. ಇನ್ನೂ ಎರಡು ಮಹಡಿ ಹತ್ತಬೇಕಿತ್ತು.